ಚಾವಣಿಯ ಅಂಚಿನ ಅಲಂಕಾರ



ಹರವೆಯ ಸುತ್ತಮುತ್ತಲ ಊರುಗಳಲ್ಲಿ ಹಿಂದೆ ನಾಡಹೆಂಚಿನ ಮನೆಗಳಿದ್ದವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ತರುವಾಯ ಮಂಗಳೂರು ಹೆಂಚು ನಾಡಿನಲ್ಲೆಲ್ಲ ಹರಡಿತು. ಆ ಮನೆಗಳಲ್ಲಿ ತೊಲೆ, ಜಂತೆ, ರೀಪುಗಳು ಕಣ್ಣಿಗೆ ಕಾಣುತ್ತಿದ್ದುದರಿಂದ ಮುಚ್ಚಿಡುವಂಥದೇನೂ ಇರಲಿಲ್ಲ. ಈಗ ಕಾಂಕ್ರೀಟಿನ ತಾರಸಿ ಬಂದಿದೆ. ಅದರೊಡನೆ ಗೋಡೆಯೂ ಚಾವಣಿಯೂ ಕೂಡುವೆಡೆಯಲ್ಲಿ ಕೂದಲೆಳೆಯಂಥ ಬಿರುಕೂ ಬಂದಿದೆ. ಅದನ್ನು ಮರೆಮಾಡಲು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಅಂಚುಪಟ್ಟಿ ಕೂರಿಸುವುದು ರೂಢಿಯಾಗಿದೆ. ಗೃಹಪ್ರವೇಶಕ್ಕೆ ಮುನ್ನ ಇದನ್ನು ಮಾಡಿಸಬೇಕೇ, ನಾವೇ ಮಾಡಿಕೊಳ್ಳಬಹುದೇ ಎಂದು ಕೇಳುವವರು ಅನೇಕರು.

ಅಂಚಿನ ಅಲಂಕಾರ ನಮ್ಮ ನಾಡಿಗೆ ಹೊಸತಲ್ಲ. ದೇವಾಲಯ ವಾಸ್ತುವಿನಲ್ಲಿ ಗೋಡೆಯ ಮೇಲೆ ಹೊರಚಾಚಿದ ಬಾಗಿದ ಅಂಚಿಗೆ ಕಪೋತವೆಂದು ಹೆಸರು. ಮಳೆಯ ನೀರು ಗೋಡೆಗೆ ಇಳಿಯದಂತೆ ದೂರಕ್ಕೆ ಸುರಿಸುವುದು ಅದರ ಕೆಲಸ. ಚೆಲುವು ಅದರ ಹಿಂದೆ ಬಂದದ್ದು. ಮನೆಯೊಳಗಿನ ಅಂಚುಪಟ್ಟಿಗೆ ಅಂತಹ ಕೆಲಸವಿಲ್ಲ. ಅದು ಬಿರುಕನ್ನು ಮುಚ್ಚುತ್ತದೆಯೇ ಹೊರತು ವಾಸಿಮಾಡುವುದಿಲ್ಲ.

ಆದ್ದರಿಂದ ಮೊದಲು ಬಿರುಕಿನ ಕಾರಣವನ್ನು ಅರಿಯಬೇಕು. ಬಿಸಿಲಿಗೆ ತಾರಸಿ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗುವುದರಿಂದ ಕೂಡುವೆಡೆ ಸೀಳುವುದು ಸಹಜ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗುರುತಿಟ್ಟು ದಿನಾಂಕ ಬರೆದು, ಹಿಂಗಾರು ಮಳೆ ಮುಗಿಯುವವರೆಗೆ ಕಾಯಿರಿ. ಗುರುತನ್ನು ದಾಟಿ ಅದು ಬೆಳೆದಿದ್ದರೆ ಇಂಜಿನಿಯರರಿಗೆ ತೋರಿಸಿರಿ. ಒದ್ದೆಯ ಕಲೆ ಕಂಡರೆ ಮೊದಲು ತಾರಸಿಯ ಸೋರಿಕೆಯನ್ನು ನಿಲ್ಲಿಸಿರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬುದು ಜಿಪ್ಸಮ್ ಖನಿಜವನ್ನು ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ಹೊರದೂಡಿದ ಪುಡಿ. ನೀರು ಬೆರೆತೊಡನೆ ಮತ್ತೆ ಕಲ್ಲಾಗುತ್ತದೆ. ಆದರೆ ಸದಾ ತೇವವಿರುವಲ್ಲಿ ಮೆತ್ತಗಾಗಿ ಕಳಚುತ್ತದೆ. ಮಗುವಿನ ತೊಟ್ಟಿಲಿನ ಮೇಲೆ, ಹಿರಿಯರ ಮಂಚದ ಮೇಲೆ ಅಂತಹ ತುಂಡು ಬಿದ್ದರೆ ಅಲಂಕಾರದಿಂದ ಬಂದ ಫಲವೇನು? ಸ್ನಾನದ ಮನೆಗೆ ಇದು ಸಲ್ಲದು.

ಒಂದು ಸಣ್ಣ ಕೋಣೆಗಾದರೆ ಕೈಚಳಕವುಳ್ಳ ಗೃಹಸ್ಥರು ತಾವೇ ಮಾಡಿಕೊಳ್ಳಬಹುದು. ಅಚ್ಚಿನಲ್ಲಿ ಎರೆದ ಸಿದ್ಧ ಪಟ್ಟಿಗಳನ್ನು ತಂದು, ಗೋಡೆಯ ಮೇಲೂ ಚಾವಣಿಯ ಮೇಲೂ ದಾರ ಹಿಡಿದು ಗೆರೆ ಹೊಡೆಯಿರಿ. ಆ ಗೆರೆಗಳ ನಡುವಿನ ಸುಣ್ಣ, ಡಿಸ್ಟೆಂಪರನ್ನು ಪೂರ್ತಿ ಕೆರೆದು ಗಾರೆಯನ್ನು ಒರಟು ಮಾಡಿರಿ. ಪುಡಿಯಾಗುವ ಸುಣ್ಣದ ಮೇಲೆ ಅಂಟಿಸಿದ ಪಟ್ಟಿ ಸುಣ್ಣದೊಡನೆಯೇ ಕಳಚಿ ಬೀಳುತ್ತದೆ. ಮೂಲೆಗಳಲ್ಲಿ ಪಟ್ಟಿಗಳನ್ನು 45 ಡಿಗ್ರಿಗೆ ಓರೆಯಾಗಿ ಕೊಯ್ಯಬೇಕು. ಆದರೆ ಗೋಡೆಗಳು ನೇರ ಮೂಲೆಯಲ್ಲಿ ಕೂಡಿವೆಯೇ ಎಂದು ಮೊದಲು ಅಳೆಯಿರಿ. ನೀರಿಗೆ ಪುಡಿಯನ್ನು ಹಾಕಬೇಕು, ಪುಡಿಗೆ ನೀರನ್ನಲ್ಲ. ಸ್ವಲ್ಪ ಸ್ವಲ್ಪವೇ ಕಲಸಿರಿ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಬೆರೆಸಿದರೆ ಅದಕ್ಕೆ ಬಲವಿರದು. ಭಾರದ ಪಟ್ಟಿಗೆ ಅಂಟಿನ ಜೊತೆ ಸ್ಕ್ರೂ ಹಾಕಿರಿ. ಗೋಡೆ ಕೊರೆಯುವ ಮುನ್ನ ಮೇನ್ ಸ್ವಿಚ್ಚು ಆರಿಸಿ, ವಿದ್ಯುತ್ ತಂತಿ ಎಲ್ಲಿ ಹಾದಿದೆಯೆಂದು ತಿಳಿದುಕೊಳ್ಳಿರಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಏಣಿಯನ್ನು ಒಬ್ಬರು ಹಿಡಿದಿರಲಿ.

ನಡುಮನೆ ದೊಡ್ಡದಾಗಿದ್ದರೆ, ಚಾವಣಿ ಎತ್ತರದಲ್ಲಿದ್ದರೆ, ಅಥವಾ ತಗಡಿನ ಅಚ್ಚು ಎಳೆದು ಅಲ್ಲಿಯೇ ಮೂಡಿಸುವ ಕೆಲಸವಾಗಿದ್ದರೆ ಬಲ್ಲ ಕುಶಲಿಗರನ್ನೇ ಕರೆಸುವುದು ಲೇಸು. ದರವನ್ನು ಅಡಿಯುದ್ದಕ್ಕೆ ಇಷ್ಟೆಂದು ಮಾತಾಡಿಕೊಳ್ಳಿರಿ. ಸಾಮಾನು, ಸಾರುವೆ, ಮೂಲೆಗಳ ಜೋಡಣೆ, ಬಣ್ಣ ಇವು ಅದರಲ್ಲಿ ಸೇರಿವೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ಅವರು ಮೊದಲು ಮಾಡಿದ ಒಂದು ಮನೆಯನ್ನು, ಅದರಲ್ಲಿಯೂ ಮಳೆಗಾಲ ಕಳೆದದ್ದನ್ನು, ಕಣ್ಣಾರೆ ನೋಡಿರಿ.

ಇನ್ನೊಂದು ಮಾತು. ದಿನವಿಡೀ ಕತ್ತು ಮೇಲೆತ್ತಿ, ಕಣ್ಣಿಗೆ ಪುಡಿ ಉದುರಿಸಿಕೊಂಡು ದುಡಿಯುವವನದೂ ಕಾಯಕವೇ. ಸಾರುವೆ ಭದ್ರವಾಗಿದೆಯೇ ಎಂದು ನೋಡುವ ಹೊಣೆ ಮನೆಯ ಒಡೆಯನದೂ ಹೌದು. ಗೃಹಪ್ರವೇಶದ ಖರ್ಚು ಹೆಚ್ಚಾಯಿತೆಂದು ಕೂಲಿಯನ್ನು ಮುಂದಿನ ತಿಂಗಳಿಗೆ ತಳ್ಳುವವರನ್ನು ನಾವು ಕಂಡಿದ್ದೇವೆ. ಪಂಕ್ತಿಯಲ್ಲಿ ಊಟ ಬಡಿಸಿ ಕೂಲಿಯನ್ನು ಬಾಕಿ ಉಳಿಸುವುದು ದಾಸೋಹವಲ್ಲ. ಹಾಗೆಯೇ ಪಕ್ಕದ ಮನೆಯಲ್ಲಿದೆಯೆಂದು ಅಲಂಕಾರಕ್ಕಾಗಿ ಬಡ್ಡಿಯ ಸಾಲ ಮಾಡಬೇಡಿರಿ. ಅಂಚುಪಟ್ಟಿಯನ್ನು ಯಾವಾಗ ಬೇಕಾದರೂ ಕೂರಿಸಬಹುದು. ಮಕ್ಕಳ ಓದಿನ ಹಣ ಹಾಗೆ ಕಾಯುವುದಿಲ್ಲ. ಗೋಡೆ ಒಣಗಿ, ತಾರಸಿ ಒಂದು ಮಳೆಗಾಲ ಕಳೆದು, ಕೈಯಲ್ಲಿ ಹಣ ಕೂಡಿದ ಮೇಲೆ ಈ ಕೆಲಸಕ್ಕೆ ತೊಡಗಿರಿ. ಅಲ್ಲಿಯವರೆಗೆ ಬಿರುಕಿಗೆ ಮೆತ್ತನೆಯ ಲಪ್ಪ ತುಂಬಿ ಸುಣ್ಣ ಬಳಿದರೆ ಸಾಕು.