ಉದ್ಯಾನದಲ್ಲಿ ಕ್ಯಾಮೆರಾದ ಮರ್ಯಾದೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕುಟುಂಬಗಳು ಜನವರಿಯಲ್ಲಿ ಮಂಗಳೂರಿಗೆ ಹೋದರೆ ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನವನ್ನು ನೋಡಿಬರುವುದುಂಟು. ಹಿಂದೆ ಊರಿಗೊಬ್ಬರ ಬಳಿ ಕ್ಯಾಮೆರಾ ಇರುತ್ತಿತ್ತು. ಒಂದು ರೀಲಿಗೆ 36 ಚಿತ್ರಗಳು ಮಾತ್ರ. ಈಗ ಎಲ್ಲರ ಕೈಯಲ್ಲೂ ಮೊಬೈಲ್, ಚಿತ್ರಗಳಿಗೆ ಲೆಕ್ಕವೇ ಇಲ್ಲ. ಆದುದರಿಂದ ಚಿತ್ರ ತೆಗೆಯುವವರು ಪಾಲಿಸಬೇಕಾದ ಮರ್ಯಾದೆಯನ್ನು ಕುರಿತು ಆಲೋಚಿಸುವುದು ಅವಶ್ಯ.

ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯನ್ನು ಪ್ರವೇಶಿಸುವಾಗ ಯಾರೂ ಹೇಳದೆಯೇ ಪಾದರಕ್ಷೆಯನ್ನು ಕಳಚುತ್ತೇವೆ. ಧರ್ಮಸ್ಥಳದ ದೇಗುಲದೊಳಗೆ ಛಾಯಾಗ್ರಹಣ ನಿಷಿದ್ಧವೆಂದರೆ ಮರುಮಾತಿಲ್ಲದೆ ಒಪ್ಪುತ್ತೇವೆ. ಉದ್ಯಾನದ ಬಾಗಿಲಲ್ಲಿರುವ ಫಲಕ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ! ಪುಣ್ಯಸ್ಥಳದಲ್ಲಿ ತೋರುವ ಸಂಯಮ ಸಾರ್ವಜನಿಕ ಸ್ಥಳದಲ್ಲಿ ಏಕೆ ಬೇಡ?

1760ರಲ್ಲಿ ಹೈದರಾಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ಇಂದು ಸುಮಾರು 240 ಎಕರೆಗಳಷ್ಟಿದೆ. ಇಂತಹ ಸರಕಾರಿ ಉದ್ಯಾನಗಳ ಭೂಮಿಯ ರಕ್ಷಣೆಗೆಂದು ರಾಜ್ಯದಲ್ಲಿ 1975ರ ಕಾಯಿದೆಯಿದೆ. ಕಾಯಿದೆ ನೆಲವನ್ನು ಕಾಯಬಲ್ಲದು; ಪಾತಿಯಲ್ಲಿರುವ ಗಿಡವನ್ನು ಕಾಯಬೇಕಾದುದು ನಮ್ಮ ನಡತೆ. ಬೀಜ ಬಿತ್ತಿದ ಚೆಂಡುಹೂವಿನ ಗಿಡ ಅರಳಲು ಸುಮಾರು ಎರಡು ತಿಂಗಳು ಬೇಕು. ಒಂದು ಚಿತ್ರಕ್ಕಾಗಿ ಪಾತಿಯೊಳಗೆ ಕಾಲಿಟ್ಟರೆ ಗಿಡ ಮುರಿಯುತ್ತದೆ, ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತಾಗುತ್ತದೆ. ತೋಟದ ಮಾಲಿಯ ಎರಡು ತಿಂಗಳ ಕಾಯಕ ಒಂದು ಕ್ಷಣದಲ್ಲಿ ವ್ಯರ್ಥವಾಗುತ್ತದೆ. ಕೊಂಬೆಯನ್ನು ಬಗ್ಗಿಸಿ ಹಿಡಿಯುವುದು, ಹೂವನ್ನು ಕಿತ್ತು ಮಗುವಿನ ಮುಡಿಗಿಟ್ಟು ಚಿತ್ರ ತೆಗೆಯುವುದು ಸಹ ಸಲ್ಲದು.

ಗಿಡಕ್ಕಿಂತಲೂ ಮಿಗಿಲಾದುದು ಮನುಷ್ಯರ ಮಾನ. ಬೆಂಚಿನ ಮೇಲೆ ವಿಶ್ರಮಿಸುವ ಹಿರಿಯರು, ಕೂಸಿಗೆ ಹಾಲೂಡುವ ತಾಯಿ, ಆಟವಾಡುವ ಹೆಣ್ಣುಮಗು ನಮ್ಮ ಚಿತ್ರದ ಅಲಂಕಾರಗಳಲ್ಲ. ಪರರ ಮಕ್ಕಳ ಚಿತ್ರವನ್ನು ತಂದೆತಾಯಿಯರ ಅನುಮತಿಯಿಲ್ಲದೆ ತೆಗೆಯಬಾರದು. ಅರಿಯದೆ ಸೆರೆಯಾಗಿದ್ದರೆ ಇತರರಿಗೆ ಕಳುಹಿಸದೆ ಅಳಿಸಬೇಕು. ಒಮ್ಮೆ ಕೈಬಿಟ್ಟ ಚಿತ್ರ ಯಾರ ಕೈ ಸೇರುವುದೋ, ಯಾವ ಮನೆಯ ನೆಮ್ಮದಿಯನ್ನು ಕೆಡಿಸುವುದೋ ಹೇಳಲಾಗದು. ನಮ್ಮ ಮನೆಯ ಮಗಳ ಚಿತ್ರ ಅಪರಿಚಿತನೊಬ್ಬನ ಮೊಬೈಲಿನಲ್ಲಿದ್ದರೆ ನಾವು ಸಹಿಸುವೆವೇ? ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಬೇರೆ ನಿಯಮವೇ ಬೇಕಿಲ್ಲ.

ಮದುವೆಗೆ ಮುನ್ನ ವಧೂವರರ ಚಿತ್ರೀಕರಣ ಮಾಡಿಸುವವರು ಉದ್ಯಾನದ ಅಧಿಕಾರಿಗಳ ಅನುಮತಿಯನ್ನು ಮೊದಲೇ ಕೇಳಿ, ನಿಗದಿತ ಶುಲ್ಕವಿದ್ದರೆ ಸಲ್ಲಿಸಿ ರಸೀತಿ ಪಡೆಯಬೇಕು. ದೀಪ, ಸ್ಟ್ಯಾಂಡ್, ಬಟ್ಟೆಯ ಪೆಟ್ಟಿಗೆಗಳನ್ನು ದಾರಿಗಡ್ಡವಾಗಿ ಇರಿಸಬಾರದು. ಡ್ರೋನ್ ಹಾರಿಸಲು 2021ರ ನಿಯಮಗಳ ಕಟ್ಟುಪಾಡುಗಳಿವೆ; ಬಾಡಿಗೆಗೆ ಬಂದ ಛಾಯಾಗ್ರಾಹಕನೇ ನೋಡಿಕೊಳ್ಳಲಿ ಎಂದು ಮನೆಯವರು ಸುಮ್ಮನಿರಬಾರದು.

ಮಕ್ಕಳು ಬೋಧನೆಗಿಂತ ನಮ್ಮ ನಡೆಯಿಂದ ಕಲಿಯುತ್ತಾರೆ. ತಂದೆ ಬೇಲಿ ದಾಟಿದರೆ ಮಗನೂ ದಾಟುವನು, ತಾಯಿ “ತೆಗೆಯಬಹುದೇ?” ಎಂದು ವಿನಯದಿಂದ ಕೇಳಿದರೆ ಮಗಳೂ ಕೇಳುವಳು. ಮುಂದಿನ ಬಾರಿ ಉದ್ಯಾನಕ್ಕೆ ಹೋದಾಗ ಬಾಗಿಲ ಫಲಕವನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿರಿ. ಮೊದಲು ಹೂವನ್ನು ಕಣ್ತುಂಬ ನೋಡಲಿ, ಅನಂತರ ಚಿತ್ರ ತೆಗೆಯಲಿ.