ನಮ್ಮ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೇ?



ಫಲಾನುಭವಿಗಳ ಪಟ್ಟಿಯೋ, ಸಂಬಳದ ಪಟ್ಟಿಯೋ, ಪರೀಕ್ಷೆಯ ಅಂಕಪಟ್ಟಿಯೋ ಯಾವುದಾದರೂ ಇರಲಿ. ಕಂಪ್ಯೂಟರ್ ತಾನೇ ತಯಾರಿಸಿ ಕೊಟ್ಟ ಕೋಷ್ಟಕದಲ್ಲಿ ಕ್ರಮಸಂಖ್ಯೆ ಸರಿಯಿದೆ, ಮೊತ್ತ ಸರಿಯಿದೆ, ಹೆಸರಿನ ಕಾಲಂನಲ್ಲಿ ಮಾತ್ರ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ! ಕೇಳಿದರೆ ಸಿದ್ಧ ಉತ್ತರ: "ಸಾರ್, ಸಿಸ್ಟಂ ಕನ್ನಡ ತಗೊಳ್ಳಲ್ಲ."

ಹಸಿ ಸುಳ್ಳು ಇದು. ಯೂನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಲ್ಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. ಆ ದಶಕದಲ್ಲಿ ಈ ನೆಪಕ್ಕೆ ಒಂದಿಷ್ಟು ಅರ್ಥವಿತ್ತು, ಒಬ್ಬೊಬ್ಬರ ಫಾಂಟು ಒಂದೊಂದು ದಿಕ್ಕು. ಇಂದು ಜೇಬಿನ ಮೊಬೈಲಿಗೆ ಬರುವ ಕನ್ನಡ ದೊಡ್ಡ ಕಚೇರಿಯ ಸರ್ವರ್‌ಗೆ ಬರುವುದಿಲ್ಲವೇ?

ರೋಗದ ಮೂಲ ಬೇರೆ. "ಲಕ್ಷ್ಮೀ" ಎಂಬ ಹೆಸರನ್ನೇ ನೋಡಿ. ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಲ, ಕ, ಹಲಂತ ಚಿಹ್ನೆ, ಷ, ಮತ್ತೆ ಹಲಂತ ಚಿಹ್ನೆ, ಮ, ಈಕಾರ ಸೇರಿ 7 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಇಂಗ್ಲಿಷ್ ಹೆಸರನ್ನಷ್ಟೇ ಮನಸ್ಸಿನಲ್ಲಿಟ್ಟು 20 ಬೈಟಿನ ಕಾಲಂ ಮಾಡಿದವನ ಮನೆಯಲ್ಲಿ ಲಕ್ಷ್ಮೀಗೇ ಜಾಗವಿಲ್ಲ! ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕಾಲಂ ಎನ್‌ವಾರ್‌ಚಾರ್ ಆಗುವ ಬದಲು ಹಳೇ ವಾರ್‌ಚಾರ್ ಆಗಿದ್ದರೆ ಹೆಸರು ಅಲ್ಲೇ ಪ್ರಶ್ನಾರ್ಥಕ ಚಿಹ್ನೆಯಾಗಿ ಸಾಯುತ್ತದೆ. ಆಮೇಲೆ ಯಾವ ಫಾಂಟು ಹಾಕಿದರೂ ಬದುಕುವುದಿಲ್ಲ, ಮೊದಲಿಂದ ತುಂಬಬೇಕು.

ಚೌಕ ಡಬ್ಬಿಗಳು ಕಂಡರೆ ಅಷ್ಟು ಗಾಬರಿ ಬೇಡ. ಹೆಸರು ಒಳಗೆ ಕ್ಷೇಮವಾಗಿದೆ, ಫಾಂಟಿನಲ್ಲಿ ಕನ್ನಡವಿಲ್ಲ ಅಷ್ಟೇ. ನೋಟೋ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ, ಪಿಡಿಎಫ್ ಒಳಗೇ ಸೇರಿಸಿ. ತಲೆಸಾಲು ದಪ್ಪಕ್ಷರದಲ್ಲಿ ಬೇಕಿದ್ದರೆ ದಪ್ಪ ಫಾಂಟಿನ ಕಡತವನ್ನೂ ಕೊಡಿ. ಇಟಾಲಿಕ್ ಮಾತ್ರ ಬೇಡವೇ ಬೇಡ. ನಮ್ಮ ದುಂಡು ಅಕ್ಷರವನ್ನು ಬಲವಂತವಾಗಿ ಓರೆ ಮಾಡಿದರೆ ಕುಡಿದವನಂತೆ ವಾಲುತ್ತದೆ.

ನನಗೆ ಹೆಚ್ಚು ಹೊಟ್ಟೆ ಉರಿಸುವುದು ಒತ್ತು ಕಳಚಿದ ಕನ್ನಡ. ಕೆಲವು ಪಿಡಿಎಫ್ ಸಲಕರಣೆಗಳು ಸಂಕೇತಗಳನ್ನು ಒಂದರ ಪಕ್ಕ ಒಂದಿಟ್ಟು ಕೈತೊಳೆದುಕೊಳ್ಳುತ್ತವೆ. ಮಕಾರ ಕೆಳಗಿಳಿದು ಒತ್ತಾಗದೆ ಹೆಸರು ಮುರಿದು ನಿಲ್ಲುತ್ತದೆ. ಇದನ್ನು ಜೋಡಿಸಲು ಹಾರ್ಫ್‌ಬಜ್ ಎಂಬ ಉಚಿತ ತಂತ್ರಾಂಶವಿದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ಬಳಸುವುದು ಅದನ್ನೇ. ಕೋಷ್ಟಕವನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಿ ಕ್ರೋಮ್ ಮೂಲಕವೇ ಪಿಡಿಎಫ್ ತೆಗೆದರೂ ಆಯಿತು.

ಈಗ ಒಂದು ಕಹಿ ಮಾತು. ಈ ಕೋಡ್ ಬರೆಯುವವರು ಯಾರು? ಎಲ್ಲರೂ ಹೊರಗಿನವರೇ? ಬೆಂಗಳೂರಿನ ಆಫೀಸುಗಳಲ್ಲಿ ಕೂತ ನಮ್ಮ ಹುಡುಗ ಹುಡುಗಿಯರೂ ಇದ್ದೀರಿ. ಅಂಗಡಿಯ ಬೋರ್ಡಿನಲ್ಲಿ ಕನ್ನಡವಿಲ್ಲದಿದ್ದರೆ ಬೀದಿಗಿಳಿಯುತ್ತೀರಿ, ಭೇಷ್. ಸೋಮವಾರ ಬೆಳಿಗ್ಗೆ "ಟೆಸ್ಟ್ ಯೂಸರ್ 1" ಎಂದು ಇಂಗ್ಲಿಷಿನಲ್ಲಿ ಒತ್ತಿ, ವರದಿ ಸರಿಯಿದೆ ಎಂದು ಒಪ್ಪಿಗೆ ಕೊಡುವವರೂ ನೀವೇ ಅಲ್ಲವೇ? ಆ ಕೋಷ್ಟಕಕ್ಕೆ ಮಸಿ ಬಳಿಯಲು ಯಾವ ಸಂಘಟನೆಯೂ ಒಳಗೆ ಬರಲಾರದು.

ನಾಳೆಯಿಂದ ಟೆಸ್ಟಿಗೆ ಲಕ್ಷ್ಮೀ, ಕೃಷ್ಣಮೂರ್ತಿ, ಸರ್ವಮಂಗಳಾ ಎಂದು ಕನ್ನಡದಲ್ಲೇ ಹಾಕಿ. ಮುದ್ರಿಸಿ, ಒತ್ತಿನ ಮೇಲೆ, ಅರ್ಕಾವೊತ್ತಿನ ಮೇಲೆ ಬೆರಳಿಟ್ಟು ಓದಿ. ತಪ್ಪಿದ್ದರೆ ಒಪ್ಪಿಗೆ ಕೊಡಬೇಡಿ. ಮ್ಯಾನೇಜರ್ ಡೆಡ್‌ಲೈನ್ ಅಂದರೆ ಆ ಕಾಗದವನ್ನೇ ಅವರ ಮೇಜಿನ ಮೇಲಿಟ್ಟು, ಗಟ್ಟಿಯಾಗಿ ಓದಲು ಹೇಳಿ.