ಕಾಲೇಜು ಬದಲಿಸುವ ಮಕ್ಕಳು

ಮಳೆಗಾಲದ ಆರಂಭದಲ್ಲಿ ಸೇರಿದ ಕಾಲೇಜನ್ನು ಓಣಂ ರಜೆ ಮುಗಿಯುವಷ್ಟರಲ್ಲಿ ಬಿಡುತ್ತೇನೆನ್ನುವ ಮಕ್ಕಳು ನಮ್ಮ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಪ್ರತಿ ವರ್ಷವೂ ಇರುತ್ತಾರೆ. (ಪ್ಲಸ್ ವನ್ನಿಗೂ ಊರಲ್ಲಿ ಕಾಲೇಜೆಂದೇ ಹೇಳುವುದು ವಾಡಿಕೆ.) ಮನೆಯವರು ಕೊಡುವ ಕಾರಣ ಒಂದೇ: ಓದಿನಲ್ಲಿ ಮನಸ್ಸಿಲ್ಲ, ಗೆಳೆಯರು ಹೋದಲ್ಲಿಗೆ ಹೋಗಬೇಕಂತೆ. ಅದೂ ಸ್ವಲ್ಪ ನಿಜವಿದ್ದೀತು, ಬಸ್ಸಿನ ತೊಂದರೆಯೂ ಇದ್ದೀತು. ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಚೆನ್ನಾಗಿ ಪಾಸಾದ ಮಗು ಮೂರೇ ತಿಂಗಳಲ್ಲಿ ಸೋತು ಕುಳಿತರೆ, ಹೆತ್ತವರು ಮಗುವನ್ನು ಗದರುವ ಮೊದಲು ಆ ತರಗತಿಯಲ್ಲಿ ಏನಾಗುತ್ತಿದೆಯೆಂದು ವಿಚಾರಿಸಬೇಕು.

ಪಠ್ಯಪುಸ್ತಕ ಇಂಗ್ಲಿಷಿನಲ್ಲಿದೆ. ಅದರಿಂದ ಮಕ್ಕಳು ಓಡಿಹೋಗುವುದಿಲ್ಲ. ಮಲಯಾಳ ಮಾಧ್ಯಮದಿಂದ ಬಂದವರಿಗೂ ಅದು ಹೊಸದೇ. ಆದರೆ ಇಂಗ್ಲಿಷ್ ವಾಕ್ಯವನ್ನು ಓದಿದ ಮೇಲೆ ಅಧ್ಯಾಪಕರು ಬಿಡಿಸಿ ಹೇಳುವುದು ಮಲಯಾಳದಲ್ಲಿ. ಪಕ್ಕದ ಬೆಂಚಿನವನಿಗೆ ಆಗ ಅರ್ಥವಾಗುತ್ತದೆ, ನಮ್ಮವನಿಗೆ ಆಗಲೂ ಇಲ್ಲ. ಅಂಗಡಿ, ಬಸ್ಸುಗಳಿಗೆ ಬೇಕಾದಷ್ಟು ಮಲಯಾಳ ಎಲ್ಲರಿಗೂ ಬರುತ್ತದೆ. ಪಾಠದ ಮಲಯಾಳ ಬೇರೆ. ಭೌತವಿಜ್ಞಾನವನ್ನೇ ನೋಡಿ: ಕನ್ನಡದಲ್ಲಿ ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ. ಮಲಯಾಳದಲ್ಲಿ ಸ್ಪೀಡಿಗೇ ವೇಗ, ವೆಲಾಸಿಟಿಗೆ ಪ್ರವೇಗ. ನಮ್ಮ ವೇಗೋತ್ಕರ್ಷ ಅಲ್ಲಿ ತ್ವರಣ. ಗೊತ್ತಿಲ್ಲದ ಪದವಾದರೆ ಕೇಳಿ ತಿಳಿಯಬಹುದು. ಗೊತ್ತಿರುವ ಪದವೇ ಬೇರೆ ಅರ್ಥದಲ್ಲಿ ಬಂದರೆ ಕೇಳಬೇಕೆಂದೂ ತೋಚುವುದಿಲ್ಲ. ನನ್ನಲ್ಲಿ ಕಲಿತ ಹುಡುಗಿಯೊಬ್ಬಳು ಟಿ.ಸಿ. ತೆಗೆಯಲು ಹೊರಟಾಗ, ಕಾಲೇಜಿನಲ್ಲಿ ಸಂಶಯ ಕೇಳಿದೆಯಾ ಎಂದೆ. "ಯಾವ ಭಾಷೆಯಲ್ಲಿ ಕೇಳುವುದು ಟೀಚರ್?" ಎಂದಳು.

ಸಂವಿಧಾನದ 350ಎ ವಿಧಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುವುದು ಪ್ರಾಥಮಿಕ ಹಂತದ ಮಟ್ಟಿಗೆ. ಹೈಸ್ಕೂಲಿನಲ್ಲಿ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದಾಗ ನಾವು ಶಾಲೆಯ ಮುಂದೆ ಪ್ರತಿಭಟಿಸಿದ್ದೇವೆ. ಪ್ಲಸ್ ವನ್ನಿಗೆ ಬಂದಾಗ ಆ ವಾದಕ್ಕೂ ನೆಲೆಯಿಲ್ಲ, ಕಾಗದದಲ್ಲಿ ಅಲ್ಲಿನ ಮಾಧ್ಯಮ ಇಂಗ್ಲಿಷ್ ತಾನೇ!

ಹಾಗಾಗಿ ಮಕ್ಕಳು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಹೋಗುವುದು ತಪ್ಪಲ್ಲ, ನಡುವರ್ಷದಲ್ಲಿ ಹೋಗುವುದು ದುಬಾರಿ. ಕೇರಳದಲ್ಲಿ ಪ್ಲಸ್ ವನ್ ಪಬ್ಲಿಕ್ ಪರೀಕ್ಷೆಯ ಅಂಕಗಳೂ ಪ್ಲಸ್ ಟು ಫಲಿತಾಂಶಕ್ಕೆ ಸೇರುತ್ತವೆ, ಕರ್ನಾಟಕದ ಪಿ.ಯು. ಮಂಡಳಿಯ ಕ್ರಮ ಬೇರೆ. ಹೆಚ್ಚಿನವರು ಅಲ್ಲಿ ಪ್ರಥಮ ಪಿ.ಯು.ಸಿ.ಯಿಂದಲೇ ಮತ್ತೆ ತೊಡಗುತ್ತಾರೆ, ಒಂದು ವರ್ಷ ನಷ್ಟ. ಡಿಗ್ರಿಯಲ್ಲಿ ತೊಡಕು ಇನ್ನೂ ಹೆಚ್ಚು. 2024ರಲ್ಲಿ ಕೇರಳದ ವಿಶ್ವವಿದ್ಯಾನಿಲಯಗಳು ನಾಲ್ಕು ವರ್ಷದ ಪದವಿ ಆರಂಭಿಸಿದವು; ಅದೇ ವರ್ಷ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಕ್ರೆಡಿಟುಗಳನ್ನು ಜಮಾ ಇಡುವ ಅಕಾಡೆಮಿಕ್ ಬ್ಯಾಂಕ್ 2021ರಿಂದ ಇದ್ದರೂ ಅವನ್ನು ಒಪ್ಪಬೇಕಾದುದು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯ. ಇನ್ನು ಹಿಂದುಳಿದ ವರ್ಗಗಳ ಪಟ್ಟಿ. ಒಂದು ರಾಜ್ಯದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಇದು ಗೊತ್ತಾಗುವುದು ಹಾಸ್ಟೆಲಿಗೆ ಹಣ ಕಟ್ಟಿದ ಮೇಲೆ.

ಟಿ.ಸಿ. ಕೇಳಿದ ತಂದೆಗೆ ಕಾಲೇಜೊಂದು ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಎಂದದ್ದುಂಟು. ಡಿಗ್ರಿ ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲೇ ಸೂಚಿಸಿದೆ. ಅದರ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಹೋಗಿ.

ಬದಲಾವಣೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳಲು ಸಮಯವಿರುವುದು ಅರ್ಜಿ ಹಾಕುವಾಗ. ಏಕಗವಾಕ್ಷಿ ಅರ್ಜಿಯಲ್ಲಿ ಶಾಲೆಗಳ ಕ್ರಮವನ್ನು ಅವಸರದಲ್ಲಿ, ಮನೆಗೆ ಯಾವುದು ಹತ್ತಿರ ಎಂದಷ್ಟೇ ನೋಡಿ ತುಂಬಿಸುತ್ತೇವೆ. ಅದಕ್ಕೆ ಮೊದಲು ಆ ಶಾಲೆಗೆ ಒಮ್ಮೆ ಹೋಗಿ. ಎರಡನೆಯ ಭಾಷೆಯಾಗಿ ಕನ್ನಡವಿದೆಯೇ, ಗಣಿತ-ವಿಜ್ಞಾನ ಕಲಿಸುವವರಲ್ಲಿ ಕನ್ನಡ ಬಲ್ಲವರು ಯಾರು ಎಂದು ಕೇಳಿ. ಟ್ರಯಲ್ ಅಲಾಟ್‌ಮೆಂಟ್ ಬಂದಾಗಲೂ ಕ್ರಮ ಬದಲಿಸಬಹುದು. ಪೂರಕ ಅಲಾಟ್‌ಮೆಂಟ್ ಕಳೆದ ಮೇಲೆ ಸೀಟು ಉಳಿದಿದ್ದರೆ ಜಿಲ್ಲೆಯೊಳಗೇ ಶಾಲೆ ಬದಲಿಸಲು ಅವಕಾಶ ಕೊಡುತ್ತಾರೆ, ವರ್ಷವೂ ಉಳಿಯುತ್ತದೆ. ಅಂಕ ಸುಲಭವೆಂದು ಯಾರೋ ಹೇಳಿದರೆಂದು ಕನ್ನಡ ಬಿಟ್ಟು ಬೇರೆ ಭಾಷೆ ಬರೆಸಬೇಡಿ. ಮುಂದೆ ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ ಗಡಿನಾಡ ಕನ್ನಡಿಗರಾಗಿ ಅರ್ಜಿ ಹಾಕುವವರು ಅಲ್ಲಿನ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ನಮ್ಮ ರಕ್ಷಕ-ಶಿಕ್ಷಕ ಸಂಘಗಳು ಸುತ್ತಲಿನ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಕನ್ನಡ ಬಲ್ಲ ಅಧ್ಯಾಪಕರ ಪಟ್ಟಿಯನ್ನು ಮಾರ್ಚಿಯೊಳಗೆ ಮಾಡಿ ಹತ್ತನೆಯ ತರಗತಿಯ ಹೆತ್ತವರ ಕೈಗೆ ಕೊಡಲಿ. ಒಬ್ಬರೂ ಇಲ್ಲದ ಶಾಲೆಗಳ ಹೆಸರನ್ನು ಅದೇ ವಾರ ಶಿಕ್ಷಣ ಇಲಾಖೆಗೆ ಬರೆದು ಕಳುಹಿಸಲಿ.